ಎರಡೂ ಎಡತೋಳು

ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಒಂದು ವಿಚಿತ್ರವಿತ್ತು. ಅಲ್ಲಿ ಏನು ಕೆಟ್ಟರೂ "ಯಾರು ಮಾಡಿದ್ದು?" ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಸೂಜಿ ಮುರಿಯಲಿ, ಇಸ್ತ್ರಿ ಮಾಡುವಾಗ ಬಟ್ಟೆ ಸುಡಲಿ, ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಹೇಗಾಯ್ತು, ತೋರ್ಸು" ಎನ್ನುತ್ತಿದ್ದರು. ಬೈಯಲು ಬಾರದವರೇನಲ್ಲ. ದಾರ ಗಂಟು ಬಿದ್ದರೆ ಆ ದಾರ ಮಾಡಿದವನ ಜನ್ಮ ಜಾಲಾಡಿಬಿಡುತ್ತಿದ್ದರು. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಬಾಯಿ ಮೆತ್ತಗೆ.

ಸೊಸೆಗೆ ಇದರಲ್ಲಿ ನಂಬಿಕೆಯೇ ಹುಟ್ಟಿರಲಿಲ್ಲ. ತವರಿನಲ್ಲಿ ಲೋಟ ಒಡೆದರೆ ಚೂರುಗಳನ್ನು ಮಂಚದಡಿ ತಳ್ಳಿ ಬೆಳೆದವಳು ಅವಳು. ಹಾಗಾಗಿ, ಟೀಚರಮ್ಮ ಅಂಗಿ ಹೊಲಿಯಲು ಕೊಟ್ಟಿದ್ದ ಹೂವಿನ ಬಟ್ಟೆಯಲ್ಲಿ ತಾನು ಎರಡೂ ತೋಳು ಎಡಗೈಗೇ ಆಗುವಂತೆ ಕತ್ತರಿಸಿದ್ದು ಗೊತ್ತಾದೊಡನೆ ತುಂಡುಗಳನ್ನು ತನ್ನ ಚೀಲಕ್ಕೆ ತುರುಕಿದಳು. ಇನ್ನು ಕತ್ತರಿ ಮುಟ್ಟುವುದೇ ಇಲ್ಲ ಎಂದು ಅಲ್ಲೇ ನಿಶ್ಚಯಿಸಿದಳು. ಪಾಪ, ಬದುಕಿನಲ್ಲಿ ಆಸೆಪಟ್ಟು ಕಲಿಯುತ್ತಿದ್ದ ಕೆಲಸ ಅದೊಂದೇ.

"ಟೀಚರಮ್ಮನ ತೋಳು ಎಲ್ಲಿಟ್ಟೆ ಮಗಳೇ?" ಎಂದರು ಅತ್ತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಸೊಸೆಯ ಕೈ ಚೀಲದ ಮೇಲೆ ಹೋಯಿತು. ಕಣ್ಣು ತುಂಬಿ ಬಂತು. "ಹಾಳು ಮಾಡ್ಬಿಟ್ಟೆ ಅತ್ತೆ."

ಅತ್ತೆ ತುಂಡುಗಳನ್ನು ಮೇಜಿನ ಮೇಲೆ ಹರಡಿದರು. "ಕತ್ತರಿಸುವಾಗ ಬಟ್ಟೆ ಹೇಗೆ ಹಾಸಿದ್ದೆ? ಇನ್ನೊಂದ್ಸಲ ಹಾಸು, ನೋಡೋಣ."

ಬಟ್ಟೆ ಸಾಲದೆಂದು ಮಡಿಸದೆ, ಕಾಗದದ ಅಚ್ಚನ್ನಿಟ್ಟು ಒಂದೊಂದೇ ತೋಳು ಕತ್ತರಿಸಿದ್ದಳು ಸೊಸೆ. ಈಗ ಹಾಗೆಯೇ ಮಾಡಿ ತೋರಿಸುತ್ತಾ, ಎರಡನೆಯ ಸಲ ಅಚ್ಚು ಇಡುವಲ್ಲಿ ಅವಳ ಕೈ ತಾನಾಗಿ ನಿಂತಿತು.

"ಅಯ್ಯೋ, ಇಲ್ಲಿ ಕಾಗದ ಮಗುಚಿ ಹಾಕ್ಬೇಕಿತ್ತು!"

"ನಾನು ಹೇಳಿದ್ದಿದ್ರೆ ನೀನು ನಾಳೆಗೆ ಮರೀತಿದ್ದೆ. ಈಗ ಮರಿ, ನೋಡೋಣ!" ಅತ್ತೆ ನಕ್ಕರು. "ನಡೆಯೋರು ಎಡವದೆ ಕೂತೋರು ಎಡವ್ತಾರಾ? ಉಳಿದ ಬಟ್ಟೆಗೆ ಕಂಕುಳಡಿ ಒಂದು ತುಂಡು ಸೇರಿಸಿದ್ರೆ ಬಲತೋಳು ಬರುತ್ತೆ. ಹಿಡಿ ಕತ್ತರಿ, ನೀನೇ ಮಾಡು."

ಸೊಸೆಗೆ ಅತ್ತೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಕೈಯಲ್ಲಿ ಕತ್ತರಿ ಇದ್ದದ್ದರಿಂದ ಸುಮ್ಮನಾದಳು.

ಸಂಜೆ ಟೀಚರಮ್ಮ ಬಂದಾಗ ಬಲತೋಳನ್ನು ಇನ್ನೂ ಕೂಡಿಸಿರಲಿಲ್ಲ. ಒಂದೇ ತೋಳಿನ ಅಂಗಿಯನ್ನು ಎತ್ತಿ ಹಿಡಿದು ಅವರು ಹುಬ್ಬು ಗಂಟಿಕ್ಕಿದರು. "ಇದೇನಿದು? ಯಾರು ಕತ್ತರಿಸಿದ್ದು ಇದನ್ನ?"

ಅತ್ತೆ ಬಾಯಿ ತೆರೆಯುವ ಮೊದಲೇ ಸೊಸೆ ಎದ್ದು ನಿಂತಳು.

"ನಾನೇ ಟೀಚರ್. ಎರಡೂ ಎಡತೋಳು ಮಾಡ್ಬಿಟ್ಟಿದ್ದೆ. ಹೇಗಾಯ್ತು ಅಂತ ತೋರಿಸ್ಲಾ?"