ಚಪ್ಪರಬದನೆಗೆ ಬಂದ ಮುಟ್ಟು

ನನ್ನ ಮಾವ ಚಪ್ಪರಬದನೆಯನ್ನು ಬೆಳೆಯುತ್ತಿದ್ದರು, ತಿನ್ನುತ್ತಿರಲಿಲ್ಲ. ಈಗ ಎಲ್ಲರೂ ಟೊಮ್ಯಾಟೊ ಎನ್ನುವ ಹಣ್ಣಿಗೆ ಆಗ ನಮ್ಮ ಕಡೆ ಅದೇ ಹೆಸರು. ಹೆಚ್ಚಿದರೆ ಮಾಂಸದ ಹಾಗೆ ಕಾಣುತ್ತದೆ, ಲಿಂಗ ಕಟ್ಟಿಕೊಂಡವರ ಮನೆಯ ಒಲೆಗೆ ಅದು ಏರಕೂಡದು ಎಂದು ಅವರ ಕಟ್ಟಪ್ಪಣೆ. ಆದರೆ ಗೋಕಾಕ ಫಾಲ್ಸಿನ ಕಡೆಯ ಬಂಗಲೆಗಳಲ್ಲಿ ಇಂಗ್ಲಿಷ್ ಸಾಹೇಬರು ಅದನ್ನು ಹಸಿಯಾಗಿಯೇ ತಿನ್ನುತ್ತಾರೆಂದು ಗೊತ್ತಾದದ್ದೇ ತಡ, ಬೇರೆಯವರ ಪಾಪಕ್ಕೆ ಸಸಿ ನೆಡಲು ಅವರಿಗೆ ಯಾವ ಅಡ್ಡಿಯೂ ಕಾಣಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತಿದು. ಧುಪದಾಳದ ಒಡ್ಡಿನಿಂದ ಬರುವ ಕಾಲುವೆಯ ಕೆಳಗೆ ನಮ್ಮ ತೋಟವಿತ್ತು. ನಾನು ಹುಕ್ಕೇರಿ ಕಡೆಯಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನನ್ನ ತವರಿನವರದು ತಂಬಾಕಿನ ಬೇಸಾಯ. ಮದುವೆಯ ಮಾತುಕತೆಯಲ್ಲಿ ಮಾವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ತಂಬಾಕೇ ಇರಬೇಕು ಎಂದು ನನಗೆ ಅನುಮಾನ. ಅಪ್ಪ ವರ್ಷಕ್ಕೊಂದು ದೊಡ್ಡ ಗಂಟು ಕಳಿಸಿಕೊಡುವುದಾಗಿ ಒಪ್ಪಿಕೊಂಡಿದ್ದ, ಕಳಿಸುತ್ತಲೂ ಇದ್ದ. ಅದು ವ್ಯಾಪಾರಿ ಬೇಡವೆಂದು ಪಕ್ಕಕ್ಕೆ ಸರಿಸಿದ ಎಲೆ, ಮೈಮೇಲೆಲ್ಲ ಹಳದಿ ಮಚ್ಚೆ ಇದ್ದದ್ದು ಎಂಬುದು ನನಗೆ ಗೊತ್ತಿತ್ತು. ಬೀಗರಿಗೆ ಗೊತ್ತಿರಲಿಲ್ಲ.

ಮಾವನ ಬೆಳಗು ತೋಟದಲ್ಲಿಯೇ ಆಗಬೇಕು. ಎಡ ಅಂಗೈಯಲ್ಲಿ ತಂಬಾಕು, ಅದರ ಮೇಲೆ ಸುಣ್ಣ, ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತ ಸಾಲಿನಿಂದ ಸಾಲಿಗೆ ನಡೆಯುವರು. ಬಾಯಿಗೆ ಹಾಕಿಕೊಂಡು, ಅದೇ ಬೆರಳಿನಿಂದ ಪ್ರತಿ ಗಿಡದ ಕಂಕುಳಲ್ಲಿ, ಎಲೆ-ಕಾಂಡದ ಸಂದಿನಲ್ಲಿ, ಒಡೆದ ಚಿಗುರನ್ನು ಉಗುರಿನಲ್ಲಿ ಚಿವುಟುವರು. ಒಂದು ಗಿಡವನ್ನೂ ಬಿಡುತ್ತಿರಲಿಲ್ಲ. ನನ್ನ ಗಂಡನ ಬೆನ್ನು ತಟ್ಟಿದ್ದನ್ನು ನಾನು ಕಂಡಿಲ್ಲ, ಗಿಡಗಳನ್ನು ಮಾತ್ರ ಮಕ್ಕಳ ಗಲ್ಲ ಹಿಡಿದ ಹಾಗೆ ಹಿಡಿಯುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಕಾಲುವೆಯ ನೀರಿನ ಪಾಳಿ ತಡವಾಯಿತು. ಗಿಡಗಳು ಹೂ ಉದುರಿಸತೊಡಗಿದವು. ಮಧ್ಯಾಹ್ನ ಎಲೆಗಳು ಕೊಳವೆಯ ಹಾಗೆ ಸುತ್ತಿಕೊಳ್ಳುತ್ತಿದ್ದವು. ಬುತ್ತಿ ಹೊತ್ತು ಹೋಗುತ್ತಿದ್ದ ನಾನು ಒಂದು ಸಂಗತಿ ಗಮನಿಸಿದೆ. ಕೆಲವು ಗಿಡಗಳು ಬಿಸಿಲಿಗೆ ಮುದುರಿಕೊಂಡರೂ ಸಂಜೆ ತಣ್ಣಗಾದೊಡನೆ ಎಲೆ ಬಿಚ್ಚಿಕೊಂಡು ಏನೂ ಆಗದವರ ಹಾಗೆ ನಿಲ್ಲುತ್ತಿದ್ದವು. ಇನ್ನು ಕೆಲವು ಬಿಚ್ಚಿಕೊಳ್ಳುತ್ತಿರಲಿಲ್ಲ. ಅವುಗಳ ಎಲೆಯ ಮೇಲೆ ಒಂದು ಕಡೆ ತಿಳಿಹಳದಿ, ಒಂದು ಕಡೆ ಕಡುಹಸಿರು. ಚಿಗುರೆಲೆ ಅಗಲವಾಗದೆ ದಾರದ ಹಾಗೆ ಸಣ್ಣಗೆ ಬರುತ್ತಿತ್ತು. ಕಾಯಿ ಗೋಲಿಯಷ್ಟಕ್ಕೇ ನಿಂತುಬಿಡುತ್ತಿತ್ತು. ಮೊದಲನೆಯದು ಬಿಸಿಲಿನ ಕಾಟ, ಎರಡನೆಯದು ಬೇರೇನೋ. ಆ ಮಚ್ಚೆಯನ್ನು ನಾನು ಅಪ್ಪನ ಹೊಲದ ತಂಬಾಕಿನಲ್ಲಿ ಚಿಕ್ಕಂದಿನಿಂದ ಕಂಡವಳು.

ಮಾವನಿಗೆ ಎರಡೂ ಒಂದೇ. ಎರಡಕ್ಕೂ ಕಾರಣ ನಾನು.

"ಈಕಿ ಕಾಲಿಟ್ಟ ಮ್ಯಾಲ ನೋಡ್ರಿ, ತ್ವಾಟ ಹೆಂಗಾತು," ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುವರು. ಕೇಳಿದವರು ನನ್ನ ಕಾಲನ್ನು ನೋಡುವರು. ಸೊಸೆಯ ಕಾಲ್ಗುಣ ಕೆಟ್ಟದ್ದು, ಸೊಸೆಯ ತವರಿನ ತಂಬಾಕು ಮಾತ್ರ ಬಲು ಒಳ್ಳೆಯದು.

ಆಗ ಮೂಡಲಗಿಯಲ್ಲಿ ಬೇಸಾಯ ಖಾತೆಯ ಸಾಹೇಬರೊಬ್ಬರು ಬಂದು ಇಳಿದಿದ್ದರು. ಮಾವ ಗಾಡಿ ಕಳಿಸಿ ಕರೆಸಿದರು. ಸಾಹೇಬರು ಮರಾಠಿಯವರು, ಕನ್ನಡವನ್ನು ಪರೀಕ್ಷೆಗಾಗಿ ಪುಸ್ತಕದಿಂದ ಕಲಿತಿದ್ದರು. ತೋಟವೆಲ್ಲ ಸುತ್ತಾಡಿ, ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಮಾವನ ಕಡೆ ತಿರುಗಿ, ಒಂದೊಂದೇ ಶಬ್ದವನ್ನು ಹುಡುಕಿ ತೆಗೆದು ಹೇಳಿದರು:

"ಬಿಸಿಲಿಗೆ ಎಲೆ ಸುತ್ತಿಕೊಳ್ಳುವುದು ರೋಗ ಅಲ್ಲ. ನೀರು ಉಳಿಸಿಕೊಳ್ಳಲು ಗಿಡ ಮಾಡುವ ಉಪಾಯ. ಆದರೆ ಈ ಮಚ್ಚೆ ರೋಗ. ಇದು ಮುಟ್ಟಿನಿಂದ ಹರಡುತ್ತದೆ. ಒಮ್ಮೆ ಮುಟ್ಟಾದರೆ ಔಷಧ ಇಲ್ಲ."

ಪುಣ್ಯಾತ್ಮ, 'ಸ್ಪರ್ಶ' ಎಂದಿದ್ದರೆ ಆಗುತ್ತಿತ್ತು. ಯಾರಿಗೂ ಅರ್ಥವಾಗುತ್ತಿರಲಿಲ್ಲ, ಯಾರಿಗೂ ತೊಂದರೆಯೂ ಆಗುತ್ತಿರಲಿಲ್ಲ. ಅಚ್ಚಗನ್ನಡ ಬೇಕೆಂದು 'ಮುಟ್ಟು' ಎಂದರು. ಹೆಂಗಸರ ತಿಂಗಳ ಮುಟ್ಟು ಒಂದಿದೆ ಎಂಬುದನ್ನು ಅವರ ಪುಸ್ತಕ ಕಲಿಸಿರಲಿಲ್ಲವೆಂದು ಕಾಣುತ್ತದೆ.

ಮಾವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ಅಷ್ಟರಲ್ಲಿ ಸಾಹೇಬರು ನೀರು ಕೇಳಿ, ತಮ್ಮ ಚೀಲದಿಂದ ಸಾಬೂನು ತೆಗೆದು, ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡರು. ಅದೊಂದು ಸಾಕಾಯಿತು.

"ನೋಡ್ರೋ, ಸಾಹೇಬ್ರೂ ಮೈಲಗಿ ಅಂತ ಕೈ ತೊಳಕೊಂಡ್ರು! ಸರಕಾರಾನ ಹೇಳೇತಿ, ಇದು ಮುಟ್ಟಿಂದ ಬಂದ ರೋಗ ಅಂತ!" ಎನ್ನುತ್ತ ಮಾವ ಬಾಜೂ ಹೊಲದವರಿಗೆ ಸುದ್ದಿ ಮುಟ್ಟಿಸಲು ಓಡಿದರು.

ಅವರು ಅತ್ತ ಹೋದ ಮೇಲೆ ಸಾಹೇಬರು ಉಳಿದ ಮಾತನ್ನು ನನ್ನ ಗಂಡನಿಗೆ ಹೇಳಿದರು. ಬುತ್ತಿ ಇಳಿಸಿ ನಿಂತಿದ್ದ ನಾನೂ ಕೇಳಿಸಿಕೊಂಡೆ. ತಂಬಾಕಿನ ಗಿಡಕ್ಕೂ ಇದೇ ರೋಗ ಬರುತ್ತದೆಯಂತೆ. ಎಲೆ ಒಣಗಿದರೂ ಅದರಲ್ಲಿನ ರೋಗ ಸಾಯುವುದಿಲ್ಲವಂತೆ. ತಂಬಾಕು ತಿಕ್ಕಿದ ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಗಿಡ ಮುಟ್ಟಬಾರದಂತೆ. ಚಿಗುರು ಚಿವುಟುವುದಂತೂ ಸೂಜಿಯಿಂದ ಚುಚ್ಚಿ ರೋಗ ಹಾಕಿದ ಹಾಗೆಯಂತೆ.

ಸಾಹೇಬರ ಗಾಡಿ ಮರೆಯಾದ ಮೇಲೆ ಗಂಡನಿಗೆ ಹೇಳಿದೆ: "ಮಾವಾರಿಗೆ ಹೇಳ್ರಿ."

"ಅಪ್ಪಗ? ನಾ?" ಎಂದು ಅವರು ಬುತ್ತಿ ಬಿಚ್ಚಿದರು. ನನ್ನ ಗಂಡನಿಗೆ ದೇವರು ಬಾಯಿ ಕೊಟ್ಟದ್ದು ಊಟಕ್ಕೆ ಮಾತ್ರ.

ಇಲ್ಲಿ ನಮ್ಮ ಮನೆತನದ ಒಂದು ದೊಡ್ಡಸ್ತಿಕೆ ಹೇಳಬೇಕು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಶರಣರು ಅದನ್ನೆಲ್ಲ ಕಿತ್ತೊಗೆದರು ಎಂದು ಮಾವ ಪೂಜೆ ಮುಗಿಸಿ ದಿನವೂ ಹೇಳುವರು. ಆದ್ದರಿಂದ ತಿಂಗಳ ಆ ದಿನಗಳಲ್ಲೂ ನಾನು ರೊಟ್ಟಿ ಬಡಿಯಬೇಕು, ಎಮ್ಮೆ ಹಿಂಡಬೇಕು, ಸಗಣಿ ಬಳಿಯಬೇಕು. ಮೂಲೆಯಲ್ಲಿ ಕೂತು ವಿಶ್ರಾಂತಿ ಪಡೆಯುವ ಭಾಗ್ಯ ನಮಗಿರಲಿಲ್ಲ. ಶರಣರ ಮಾತು ಒಲೆಯ ತನಕ ಬಂದು ಅಲ್ಲೇ ನಿಂತುಬಿಟ್ಟಿತ್ತು, ಚಪ್ಪರಬದನೆಯ ತೋಟಕ್ಕೆ ಅದಕ್ಕೆ ದಾರಿ ಗೊತ್ತಿರಲಿಲ್ಲ.

ಮಾವನ ತೀರ್ಪು ಹೊರಬಿತ್ತು. ಇನ್ನು ನಾನು ತೋಟಕ್ಕೆ ಕಾಲಿಡಕೂಡದು. ಆ ದಿನಗಳಲ್ಲಿ ಊರಲ್ಲೇ ಇರಕೂಡದು, ಗಾಳಿ ಬೀಸಿದರೂ ಗಿಡಕ್ಕೆ ತಾಕೀತು. ತಿಂಗಳು ತಿಂಗಳು ತವರಿಗೆ ಹೋಗಿ ಬರಬೇಕು. ಗಾಡಿ ಹೂಡಿದೊಡನೆ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುವರು. ನನ್ನ ಮೈಯ ಗುಟ್ಟು ಊರಿಗೆಲ್ಲ ಡಂಗುರವಾಯಿತು. ಗಾಡಿಯಲ್ಲಿ ಸೆರಗು ಮುಖಕ್ಕೆಳೆದುಕೊಂಡು ಅತ್ತಿದ್ದೇನೆ. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ಅಷ್ಟಾದರೂ ಗಿಡಗಳು ಸುಧಾರಿಸಲಿಲ್ಲ. ಹೇಗೆ ಸುಧಾರಿಸಬೇಕು? ಬೆಳಗಿನ ತಂಬಾಕು, ಬೆಳಗಿನ ಚಿವುಟಾಟ ನಡೆದೇ ಇತ್ತು. ಮಳೆಗಾಲದ ತನಕ ನೋಡುವುದು, ತೋಟ ಹೀಗೇ ಇದ್ದರೆ ಸೊಸೆ ತವರಲ್ಲೇ ಇರಲಿ, ಮಗನಿಗೆ ಬೇರೆ ಹೆಣ್ಣು ನೋಡೋಣ ಎಂದು ಮಾವ ಕಟ್ಟೆಯ ಮೇಲೆ ಆಡಿದ ಮಾತು ನನ್ನ ಕಿವಿಗೂ ಬಿತ್ತು. ಗಂಡನೂ ಹೋಗಿ, ಮನೆಯೂ ಹೋಗಿ, ಒಂದು ಹಣ್ಣಿನ ಗಿಡಕ್ಕಾಗಿ ನನ್ನ ಬಾಳೇ ಬೀದಿಗೆ ಬೀಳುವುದರಲ್ಲಿತ್ತು.

ನಾನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅತ್ತೆ ಮಾತು ಕಡಿಮೆಯವರು. ಮಾವನ ಎದುರು ಅವರು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ಉಳದ ಸಸಿ ಅದಾವಲ್ಲ, ಬಚ್ಚಲ ಹಿಂದ ಹಚ್ಚು. ಗಂಡಸರು ಅಲ್ಲಿಗೆ ಬರೂದಿಲ್ಲ," ಎಂದರು.

ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ. ಕೆಲವು ಸಸಿಗಳನ್ನು ಸಗಣಿಯ ಕುಳ್ಳು ಒಟ್ಟಿದ್ದ ಜಾಗದ ಆಚೆಗೂ ಚುಚ್ಚಿದೆ. ಮುಟ್ಟಾದ ದಿನವೇ, ತವರಿಗೆ ಗಾಡಿ ಹೂಡುವ ಮುಂಚೆ, ಬೇಕೆಂದು ಹೋಗಿ ನೀರು ಹಾಕಿದೆ, ಮಣ್ಣು ಏರಿಸಿದೆ, ಎಲೆ ಸವರಿದೆ. ಗಿಡಗಳು ನಾಚಲಿಲ್ಲ, ಬಾಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಎಲೆ ಸುತ್ತಿಕೊಂಡು ಸಂಜೆಗೆ ಬಿಚ್ಚಿಕೊಂಡವು. ಕಾರಹುಣ್ಣಿಮೆ ಹೊತ್ತಿಗೆ ನನ್ನ ಮುಷ್ಟಿಯಷ್ಟು ದಪ್ಪ ಕಾಯಿ ಬಿಟ್ಟವು.

ಆಗಲೇ ಮಾವ ನನ್ನನ್ನು ಹುಕ್ಕೇರಿಗೆ ಅಟ್ಟಿದರು. ಈ ಸಲ ಹೇಳಿ ಕಳಿಸುವ ತನಕ ಬರಬಾರದು ಎಂದಿತ್ತು. ಮುಂದಿನದು ಅತ್ತೆ ಆಮೇಲೆ ನನಗೆ ಹೇಳಿದ್ದು. ನಾನು ಹೋದ ಮರುದಿನ ಮಾವ ಓಡಿಹೋದ ಕರುವನ್ನು ಹುಡುಕುತ್ತ ಬಚ್ಚಲ ಹಿಂದೆ ಬಂದು ಗಿಡ ಕಂಡರಂತೆ. "ನೋಡು, ಆಕಿ ಇಲ್ಲ, ಗಿಡ ಹೆಂಗ ನಗಾಕತ್ತಾವು!" ಎಂದು ಹಿಗ್ಗಿ, ದಿನಾ ಬೆಳಗ್ಗೆ ತಂಬಾಕು ತಿಕ್ಕುತ್ತ ಬಂದು ಆ ಗಿಡಗಳ ಕಂಕುಳನ್ನೂ ಚಿವುಟತೊಡಗಿದರಂತೆ.

"ನೀವು ತಡೀಬೇಕಿತ್ತಲ್ರಿ ಅತ್ತಿ?" ಎಂದು ಕೇಳಿದ್ದೆ.

"ಯಾಕ ತಡೀಲಿ?" ಎಂದಿದ್ದರು.

ಮುಂದಿನ ಹುಣ್ಣಿಮೆ ಕಳೆದರೂ ಕರೆ ಬರಲಿಲ್ಲ. ಅಪ್ಪ ತಾನಾಗಿಯೇ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟ, ಬೀಗರನ್ನು ಸಮಾಧಾನಪಡಿಸಲು ಹೊಸ ತಂಬಾಕಿನ ಗಂಟನ್ನೂ ಹಾಕಿಕೊಂಡ. ಪಡಸಾಲೆಯಲ್ಲಿ ಕೂತ ಮಾವ ಗಂಟು ತೆಗೆದುಕೊಂಡರು, ನನ್ನನ್ನು ಒಳಗೆ ಕರೆಯಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತೆ.

ಗಂಟು ಬಿಚ್ಚಿ ಅಂಗೈಗೆ ಚೂರು ಹಾಕಿ ತಿಕ್ಕುತ್ತ ಮಾವ ಹೇಳಿದರು: "ನಿಮ್ಮ ಮಗಳನ್ನ ಕರಕೊಂಡ ಹೋಗ್ರಿ ಬೀಗರ. ತ್ವಾಟ ಹೋತು. ಈಗ ಬಚ್ಚಲ ಹಿಂದಿನ ಗಿಡಕ್ಕೂ ಮಚ್ಚಿ ಬಂದೈತಿ. ಎಲ್ಲಾ ಮುಟ್ಟಿಂದ. ಸಾಹೇಬ್ರ ಹೇಳ್ಯಾರ."

ಅಪ್ಪ ತಲೆ ತಗ್ಗಿಸಿದ. ನನ್ನ ಗಂಡ ಕಂಬವನ್ನು ಹಿಡಿದು, ಅದು ಬಿದ್ದುಹೋದೀತೆಂಬಂತೆ ನಿಂತಿದ್ದರು.

ಅತ್ತೆ ಒಳಗಿನಿಂದ ಬಂದರು. ಒಂದು ಕೈಯಲ್ಲಿ ಬಚ್ಚಲ ಹಿಂದಿನ ಚಿಗುರು, ಹಳದಿ ಮಚ್ಚೆಯದು. ಇನ್ನೊಂದು ಕೈಯಲ್ಲಿ ಕುಳ್ಳಿನ ಆಚೆ ಮಾವನ ಕೈಗೆಟುಕದ ಗಿಡದ ಚಿಗುರು, ಅಚ್ಚ ಹಸಿರು. ಎರಡನ್ನೂ ಮಾವನ ಮುಂದೆ ಇಟ್ಟರು. ಸೆರಗು ಸರಿಮಾಡಿಕೊಂಡು ಮೆಲ್ಲಗೆ, ಊಟಕ್ಕೆ ಕರೆಯುವ ದನಿಯಲ್ಲಿಯೇ ಕೇಳಿದರು:

"ಈ ಗಿಡಕ್ಕ ಮಚ್ಚಿ ಬಂದಾಗ ಸೊಸಿ ಹುಕ್ಕೇರ್‍ಯಾಗ ಇದ್ಲು. ನನಗ ನಿಂತು ಯಾವ ಕಾಲಾತು. ಮುಂಜಾನೆದ್ದು ಇವನ್ನ ಮುಟ್ಟಿದಾವ್ರು ನೀವೊಬ್ರ. ಹಂಗಾರ ಈ ಸಲ ಮುಟ್ಟಾದಾವ್ರು ನೀವ ಅಂದಂಗಾತಲ್ರಿ. ಹೇಳ್ರಿ, ಗಾಡಿ ಹೂಡಸ್ತೀನಿ. ನಿಮ್ಮನ್ನ ಯಾವ ತವರಮನಿಗೆ ಕಳಸೂಣು?"

ಮಾವನ ಹೆಬ್ಬೆರಳು ಅಂಗೈಯ ಮೇಲೆ ನಿಂತುಬಿಟ್ಟಿತು. ಅಪ್ಪ ಕೆಮ್ಮಿದ. ಯಾರೂ ನಗಲಿಲ್ಲ, ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ತಂಬಾಕು, ಮಚ್ಚೆ, ಸಾಬೂನು, ಸಾಹೇಬರು ಗಂಡನಿಗೆ ಹೇಳಿಹೋದದ್ದನ್ನೆಲ್ಲ ಅತ್ತೆ ಅಲ್ಲೇ ನಿಂತು ಹೇಳಿದರು. ಆಮೇಲೆ ನೀರಿನ ತಂಬಿಗೆ ತಂದು ಮಾವನ ಮುಂದೆ ಇಟ್ಟರು.

"ಕೈ ತೊಳಕೋರಿ. ಆಮ್ಯಾಲ ಸೊಸೀನ ಒಳಗ ಕರೀರಿ."

ಮಾವ ಅಂಗೈಯ ತಂಬಾಕನ್ನು ಕೊಡವಿದರು. ಕೈ ತೊಳೆದುಕೊಂಡರು. ತಪ್ಪಾಯಿತು ಎಂದು ಅವರು ಸಾಯುವ ತನಕ ಅನ್ನಲಿಲ್ಲ. ಅಂಗೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಬಾ ಒಳಗ," ಎಂದರು ಅಷ್ಟೇ. ನಾನು ಒಳಗೆ ಹೋಗಲಿಲ್ಲ. ನೆಟ್ಟಗೆ ತೋಟಕ್ಕೆ ನಡೆದು, ಮಚ್ಚೆ ಬಂದ ಗಿಡಗಳನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದೆ. ಅವತ್ತು ನನಗೆ ಮುಟ್ಟಿನ ಎರಡನೆಯ ದಿನ.