ಸಲಹೆ ಕೇಳೋಕೆ ನಾನೇ ಬೇಕಿತ್ತಾ?

ಭಾನುವಾರ ಮಧ್ಯಾಹ್ನ ಹಲಸೂರಿನಲ್ಲಿ ನಮ್ಮ ನಾಟಕವಿತ್ತು. ಸ್ನೇಹಿತನ ಚಾಡಿ ನಂಬಿ, ತಪ್ಪೇ ಮಾಡದ ಹೆಂಡತಿಯನ್ನು ಗಂಡ ಕತ್ತು ಹಿಸುಕಿ ಕೊಲ್ಲುವ ಕಥೆ. ಆ ಚಾಡಿಕೋರ ನಾನೇ.

ನಾಟಕ ಮುಗಿದು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಪ್ರೇಕ್ಷಕರೊಬ್ಬರು ಒಳಗೆ ಬಂದು ಕೈ ಕುಲುಕಿದರು. ಕಗ್ಗದಾಸಪುರದವರಂತೆ. ಆಚೀಚೆ ನೋಡಿ ದನಿ ತಗ್ಗಿಸಿದರು.

“ಸಾರ್, ನನ್ ಹೆಂಡ್ತಿ ಈಚೆಗೆ ಫೋನ್ ಬೋರಲು ಹಾಕಿ ಇಡ್ತಾಳೆ. ನಿಮಗೇನನ್ಸುತ್ತೆ?”

ಮೈಯೆಲ್ಲ ಉರಿದುಹೋಯಿತು. “ಏನ್ರೀ, ಎರಡು ಗಂಟೆ ನಾನು ಹೇಳಿದ್ದೆಲ್ಲ ಸುಳ್ಳು. ನನ್ ಮಾತು ಕೇಳಿ ಒಂದು ಹೆಣ ಬಿತ್ತು. ನೋಡ್ಲಿಲ್ವಾ?”

“ನೋಡ್ದೆ ಸಾರ್. ಆದ್ರೂ ಇಂಥದ್ದೆಲ್ಲ ನಿಮಗೆ ಬೇಗ ಗೊತ್ತಾಗುತ್ತೆ ಅನ್ನಿಸ್ತು.”

“ಅವ್ರನ್ನೇ ಕೇಳ್ರೀ!”

“ಅವ್ಳು ನಿಜಾನೇ ಹೇಳ್ತಾಳೆ ಅಂತ ಏನ್ ಗ್ಯಾರಂಟಿ?”

ನಾಟಕದ ಗಂಡನ ತಲೆ ಕೆಡಿಸಲು ನಾನು ಎರಡು ಗಂಟೆ ಬೆವರು ಸುರಿಸಿದ್ದೆ. ಈ ಮಹಾಶಯರು ಕೆಡಿಸಿಕೊಂಡೇ ಟಿಕೆಟ್ ತಗೊಂಡಿದ್ದರು! ರಟ್ಟೆ ಹಿಡಿದು ಬಾಗಿಲಾಚೆ ಕರೆತಂದೆ. ಅಲ್ಲಿ ಅವರ ಹೆಂಡತಿ ಗಂಡನ ಹೆಲ್ಮೆಟ್ ಹಿಡಿದುಕೊಂಡು ಕಾಯುತ್ತಿದ್ದರು. ಕಣ್ಣು ಇನ್ನೂ ಒದ್ದೆಯಾಗಿತ್ತು.

“ಸಾರ್, ನಿಮ್ಮನ್ನ ನೋಡಿದ್ರೆ ಹೊಡೀಬೇಕು ಅನ್ಸ್ತಿತ್ತು,” ಅಂದರು. “ಆದ್ರೆ ಆ ಗಂಡನಿಗೇನಾಗಿತ್ತು? ಹೆಂಡ್ತೀನ ಕೂರಿಸ್ಕೊಂಡು ಒಂದು ಮಾತು ಕೇಳ್ಬಾರ್ದಿತ್ತಾ?”

ಅವರ ಗಂಡ ಹೆಲ್ಮೆಟ್ ಇಸ್ಕೊಂಡು ತಲೆಗೆ ಹಾಕಿಕೊಂಡರು. ಆತ ಒಳಗೆ ನನ್ನನ್ನು ಕೇಳಿದ್ದೆಲ್ಲ ನಾಲಿಗೆ ತುದಿಯಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ಅದೂ ಚಾಡಿಯೇ ಆಗುತ್ತಿತ್ತು.