ವೈನಿಗೆ ಕೊಟ್ಟ ಅತ್ತರು

ಅದು ೧೯೭೨ನೇ ಇಸವಿ. ನಾನಾಗ ಮುಂಬಯಿಯ ಚೆಂಬೂರಿನಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ವಾಸ ಮಾಟುಂಗದ ಒಂದು ಚಾಳಿನಲ್ಲಿ, ಒಂದೇ ಕೋಣೆಯಲ್ಲಿ ನಾವು ಐದು ಜನ ಗಂಡಸರು. ಮದುವೆಯಾಗಿ ಎರಡು ವರ್ಷ ಕಳೆದಿದ್ದರೂ ಹೆಂಡತಿ ವನಜ ಉಡುಪಿಯ ಹತ್ತಿರ ನನ್ನ ತಾಯಿಯ ಜೊತೆಯಲ್ಲೇ ಇದ್ದಳು. ಐದು ಚಾಪೆಗಳ ನಡುವೆ ಅವಳನ್ನು ತಂದು ಎಲ್ಲಿ ಇಳಿಸಲಿ? ಅವಳ ಪ್ರತಿ ಕಾಗದದ ಕೊನೆಯ ಸಾಲು ಒಂದೇ ಆಗಿತ್ತು: "ಕೋಣೆ ಸಿಕ್ಕಿತೇ?"

ನಮ್ಮ ದೊಡ್ಡ ಸಾಹೇಬರು ಮಿಸ್ತ್ರಿ ಎಂಬ ಪಾರ್ಸಿ. ಕೆಂಪು ವೈನ್ ಎಂದರೆ ಅವರಿಗೆ ಪ್ರಾಣ. ಆಗ ಮುಂಬಯಿಯಲ್ಲಿ ಕುಡಿಯುವುದಕ್ಕೆ ಪರ್ಮಿಟ್ ಬೇಕಿತ್ತು. ಪರ್ಮಿಟ್ ಇದ್ದ ಹತ್ತು ಹನ್ನೆರಡು ಆಫೀಸರುಗಳನ್ನು ಸೇರಿಸಿ ಅವರೊಂದು ವೈನ್ ಕ್ಲಬ್ ಕಟ್ಟಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವರ ಬಂಗಲೆಯಲ್ಲಿ ನಾಲ್ಕೈದು ಬಾಟಲಿ ತೆರೆದು ರುಚಿ ನೋಡುವುದು, ಯಾವುದನ್ನು ತರಿಸಿಕೊಳ್ಳಬಹುದು ಎಂದು ಸದಸ್ಯರಿಗೆಲ್ಲ ಒಂದು ಪತ್ರ ಕಳಿಸುವುದು, ಇಷ್ಟೇ ಕ್ಲಬ್ಬಿನ ಕೆಲಸ. ಆ ಪತ್ರ ಟೈಪ್ ಮಾಡಲು ನನ್ನನ್ನು ಕರೆದರು. "ಚಖೇ ಬಿನಾ ಕ್ಯಾ ಲಿಖೇಗಾ, ಡೀಕ್ರಾ?" ಎಂದರು, ರುಚಿ ನೋಡದೆ ಏನು ಬರೆಯುತ್ತೀ ಮಗಾ ಎಂದು. ನನಗೂ ಒಂದು ಪರ್ಮಿಟ್ ಮಾಡಿಸಿ ಕೈಗೆ ಗ್ಲಾಸು ಕೊಟ್ಟರು.

ಮೊದಲ ಗುಟುಕು ನನಗೆ ಅಮ್ಮ ಜ್ವರಕ್ಕೆ ಕುದಿಸುತ್ತಿದ್ದ ಕಷಾಯದ ಹಾಗೆಯೇ ಇತ್ತು. ಆದರೂ ಬಿಡಲಿಲ್ಲ. ಸಾಹೇಬರ ಕಪಾಟಿನಿಂದ ವೈನಿನ ಮೇಲಿನ ಒಂದು ಇಂಗ್ಲಿಷ್ ಪುಸ್ತಕ ತಂದು, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿದೆ. ಅದರಲ್ಲಿ ಬ್ಲ್ಯಾಕ್‌ಬೆರಿ ಎಂದು ಪುಟಕ್ಕೆರಡು ಸಲ ಬರುತ್ತಿತ್ತು. ಆ ಹಣ್ಣನ್ನು ನಾನು ಹುಟ್ಟಿದ ಮೇಲೆ ಕಂಡವನಲ್ಲ. ನೇರಳೆಹಣ್ಣು ಇರಬೇಕು ಎಂದುಕೊಂಡು ಧೈರ್ಯವಾಗಿ ಬರೆಯುತ್ತಿದ್ದೆ. ಪತ್ರದ ಕೆಳಗೆ 'ರುಚಿ ನೋಡಿ ಶಿಫಾರಸು ಮಾಡಿದವರು' ಎಂದು ಸಾಹೇಬರ ಹೆಸರಿನ ಪಕ್ಕದಲ್ಲಿ ನನ್ನ ಹೆಸರೂ ಅಚ್ಚಾಗುತ್ತಿತ್ತು. ಒಂದು ಪ್ರತಿಯನ್ನು ಊರಿಗೂ ಕಳಿಸಿದ್ದೆ, ವನಜಳಿಗೆ ಇಂಗ್ಲಿಷ್ ಬಾರದಿದ್ದರೂ.

ಹೀಗಿರುವಾಗ ಬಂಗಲೆಗೆ ಹೊಸ ಬಟ್ಲರ್ ಬಂದ. ಹೆಸರು ಹುಸೇನ್, ಬಾಗಲಕೋಟೆ ಕಡೆಯವನು, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನು ಕನ್ನಡದವನು ಎಂದು ಗೊತ್ತಾದದ್ದೇ ಅವನ ಮುಖ ಅರಳಿತು. ಎರಡನೇ ಭೇಟಿಯಲ್ಲೇ "ಅಣ್ಣಾರ, ವೈನಿ ಇನ್ನೂ ಊರಾಗನ ಏನ್ರಿ?" ಎಂದು ಕೇಳಿದ.

"ಊರಲ್ಲೆಂತಕ್ಕೆ ಮಾರಾಯ, ಕಪಾಟಿನಲ್ಲಿ ಉಂಟು. ಸಾಹೇಬರು ಬೀಗ ಹಾಕಿ ಇಟ್ಟಿದ್ದಾರೆ" ಎಂದೆ.

ಹುಸೇನ್ ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ಆಮೇಲೆ ಅರ್ಥವಾಗಿ, ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಅವರ ಕಡೆ ಅಣ್ಣನ ಹೆಂಡತಿಗೆ ವೈನಿ ಎನ್ನುತ್ತಾರಂತೆ. ನಮ್ಮ ಕಡೆ ಅತ್ತಿಗೆ ಎನ್ನುವುದು, ನನಗೇನು ಗೊತ್ತು? ಅಂದಿನಿಂದ ನಾನು ಬಂಗಲೆಗೆ ಹೋದಾಗಲೆಲ್ಲ "ಕಪಾಟಿನ ವೈನಿ ಅರಾಮ ಏನ್ರಿ?" ಎಂದು ಕಾಡುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ನಾವು ಒಳ್ಳೆಯ ಸ್ನೇಹಿತರಾಗಿರುತ್ತಿದ್ದೆವೋ ಏನೋ. ಆದರೆ ಹುಸೇನನಿಗೆ ಒಂದು ಮೂಗಿತ್ತು. ಅವನು ಒಂದು ಹನಿಯನ್ನೂ ಬಾಯಿಗೆ ಹಾಕುವವನಲ್ಲ, ಅವರಲ್ಲಿ ಅದು ನಿಷಿದ್ಧ. ಗ್ಲಾಸಿಗೆ ಬಗ್ಗಿಸುವಾಗ ಒಂದು ಸಲ ಉಸಿರೆಳೆದುಕೊಳ್ಳುತ್ತಿದ್ದ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಾಕಿ ಉಜ್ಜಿ, ಒಣಗುವ ತನಕ ಕಾಯುತ್ತಿದ್ದ. ಅವನ ಅಪ್ಪ ಧಾರಾವಿಯಲ್ಲಿ ಚರ್ಮ ಹದ ಮಾಡುವ ಕಡೆ ಕೆಲಸಕ್ಕಿದ್ದರು. ತೊಗಟೆ ನೆನೆಸಿದ ನೀರಿನಲ್ಲಿ ಒಗರು ಎಷ್ಟಿದೆ ಎಂದು ಅಲ್ಲಿ ಹೀಗೆಯೇ ನೋಡುತ್ತಿದ್ದರಂತೆ. ಕೊನೆಗೆ ಹುಸೇನ್ ಸಾಬೂನು ಹಚ್ಚಿ ಕೈ ತೊಳೆದು ಬಂದು ನನ್ನ ಕಿವಿಯಲ್ಲಿ "ಇದು ಎಳೀದೈತ್ರಿ ಅಣ್ಣಾರ, ಒಗರು ಭಾಳ. ಇನ್ನೊಂದು ವರ್ಷ ಮಲಗಲಿ" ಎನ್ನುತ್ತಿದ್ದ. ನಾನು ಅದನ್ನೇ ಇಂಗ್ಲಿಷ್ ಮಾಡಿ ಸಾಹೇಬರಿಗೆ ನನ್ನ ಮಾತೆಂದು ಒಪ್ಪಿಸುತ್ತಿದ್ದೆ. ಅವರು ಗುಟುಕರಿಸಿ "ಶಾಬಾಶ್" ಎನ್ನುತ್ತಿದ್ದರು.

ಒಂದು ಭಾನುವಾರ ಸಾಹೇಬರು ಹುಸೇನನ ಪಿಸುಮಾತು ಕಂಡು "ಯೇ ತುಮ್ಹಾರೇ ಕಾನ್ ಮೇಂ ಕ್ಯಾ ಬೋಲ್ತಾ ಹೈ?" ಎಂದು ಕೇಳಿಯೇಬಿಟ್ಟರು.

"ಐಸ್ ತರಲಾ ಅಂತ ಕೇಳ್ತಿದ್ದಾನೆ ಸರ್" ಎಂದೆ ಹಿಂದಿಯಲ್ಲಿ.

ಹುಸೇನನಿಗೆ ಹಿಂದಿ ಬರುವುದಿಲ್ಲವೇ? ನನ್ನ ಮುಖ ನೋಡಿದ, ಗ್ಲಾಸು ಒರೆಸತೊಡಗಿದ. ಆದರೆ ಕೆಂಪು ವೈನಿಗೆ ಯಾರೂ ಐಸ್ ಹಾಕುವುದಿಲ್ಲ, ಆ ಮಾತಿಗೇ ಸಾಹೇಬರಿಗೆ ಅನುಮಾನ ಬಂತು. ಮುಂದಿನ ಬಾಟಲಿಯನ್ನು ನೇರವಾಗಿ ಅವನ ಮುಂದೆಯೇ ಹಿಡಿದರು. ಅವನು ಮೂಸಿದ, ಬೆರಳು ಉಜ್ಜಿದ, ಸಂಕೋಚದಿಂದಲೇ ಹೇಳಿದ. ಒಗರು ಎನ್ನುವುದಕ್ಕೆ ಹಿಂದಿ ಮಾತು ತೋಚದೆ "ಒಗರು ಹೈ ಸಾಬ್" ಎಂದುಬಿಟ್ಟ. ಸಾಹೇಬರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಅಂದಿನ ಪತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಒಗರು' ಎಂದೇ ಟೈಪ್ ಮಾಡಿಸಿದರು. ಶಿಫಾರಸು ಮಾಡಿದವರ ಜಾಗದಲ್ಲಿ ಹುಸೇನನ ಹೆಸರು ಬಂತು. ನಾನು ಟೈಪ್ ಮಾಡಿದವನಾಗಿ ಮೂಲೆಗೆ ಸರಿದೆ.

ಆ ಹೆಸರನ್ನು ಟೈಪ್ ಮಾಡುವಾಗ ಹೊಟ್ಟೆಕಿಚ್ಚಿಗೆ ಕೀಲಿಗಳನ್ನು ಕುಟ್ಟಿ ಕಾಗದವನ್ನೇ ತೂತು ಮಾಡಿದೆ. ಒಗರು ನನ್ನ ಮಾತೂ ಅಲ್ಲವೇ? ನಮ್ಮ ಮನೆಯಲ್ಲಿ ಎಳೆ ಹಲಸಿನ ಗುಜ್ಜೆ ತಿಂದು ದಿನಾ ಹೇಳುತ್ತಿದ್ದದ್ದು ಅದನ್ನೇ. ಪುಸ್ತಕ ಕುಡಿದು ಕೂತ ನನಗೆ ಅದು ಯಾಕೆ ಹೊಳೆಯಲಿಲ್ಲ? ರಾತ್ರಿ ಊಟಕ್ಕೆ ಕೂತರೂ ಅವನ ಎರಡು ಬೆರಳೇ ಕಣ್ಣ ಮುಂದೆ ಬರುತ್ತಿದ್ದವು.

ಆಗಲೇ ಇನ್ನೊಂದು ಸುದ್ದಿ ಬಂತು. ಸಾಹೇಬರ ಸ್ನೇಹಿತರೊಬ್ಬರು ದೊಡ್ಡ ಹೊಟೇಲಿನ ಮ್ಯಾನೇಜರ್. ಅಲ್ಲಿನ ವೈನ್ ನೋಡಿಕೊಳ್ಳಲು ಒಬ್ಬ ಬೇಕಾಗಿದ್ದ, ಇರಲು ಹೊಟೇಲಿನವರೇ ಕೋಣೆ ಕೊಡುತ್ತಾರೆ. ಮುಂದಿನ ಭಾನುವಾರ ಅವರೇ ಬಾಟಲಿ ತಂದು ನಮ್ಮಿಬ್ಬರನ್ನೂ ಪರೀಕ್ಷಿಸುತ್ತಾರೆ ಎಂದರು ಸಾಹೇಬರು. ಕೋಣೆ ಎಂಬ ಮಾತು ಕೇಳಿದ್ದೇ ನನಗೆ ಬೇರೇನೂ ಕೇಳಿಸಲಿಲ್ಲ. ವನಜಳಿಗೆ ಅಂದೇ ಕಾಗದ ಬರೆದೆ, "ಟ್ರಂಕಿಗೆ ಬಟ್ಟೆ ತುಂಬಲು ಶುರು ಮಾಡು."

ಬರೆದ ಮೇಲೆ ಹೆದರಿಕೆಯಾಯಿತು. ಆ ಮೂಗಿನ ಮುಂದೆ ನಾನು ಗೆಲ್ಲುವುದು ಹೇಗೆ? ಆಗ ಬಂತು ಆ ಹಾಳು ಯೋಚನೆ. ಅತ್ತರು ಕೊಟ್ಟರೆ ಒಲ್ಲೆ ಎನ್ನಬಾರದು ಎಂಬುದು ಅವರಲ್ಲಿ ಪದ್ಧತಿ ಎಂದು ಹುಸೇನನೇ ಒಮ್ಮೆ ಹೇಳಿದ್ದ. ಶನಿವಾರ ಮಹಮದಲಿ ರೋಡಿಗೆ ಹೋಗಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಘಾಟಾದ ಗುಲಾಬಿ ಅತ್ತರಿನ ಒಂದು ಸೀಸೆ ತಂದೆ.

ಭಾನುವಾರ ಬೆಳಿಗ್ಗೆ ಬಂಗಲೆಯ ಅಡುಗೆಮನೆಯಲ್ಲಿ ಹತ್ತಿಯನ್ನು ಅತ್ತರಿನಲ್ಲಿ ಅದ್ದಿ "ತಕೋ ಹುಸೇನ್, ಒಳ್ಳೆ ದಿನ ಅಲ್ವಾ ಇವತ್ತು" ಎಂದು ನೀಡಿದೆ. ಅವನು ಹತ್ತಿ ನೋಡಿದ, ನನ್ನನ್ನು ನೋಡಿದ. ಒಂದು ಗಳಿಗೆ ತಡೆದು ಹತ್ತಿಯನ್ನು ಕಿವಿಯ ಮಡಿಕೆಯಲ್ಲಿಟ್ಟುಕೊಂಡ. ಸೀಸೆಯನ್ನೂ ಅವನ ಜೇಬಿಗೇ ಹಾಕಿದೆ.

ಹೊಟೇಲಿನ ಮ್ಯಾನೇಜರು ನಾಲ್ಕು ಬಾಟಲಿಗಳಿಗೆ ಕಾಗದ ಸುತ್ತಿ ನಂಬರು ಹಾಕಿ ತಂದಿದ್ದರು. ಮೊದಲು ನನ್ನ ಸರದಿ. ಒಂದನೇ ಗ್ಲಾಸು ಮೂಗಿಗೆ ಹಿಡಿದೆ, ಗುಲಾಬಿಯ ಪರಿಮಳ! ಒಳ್ಳೆಯ ಹಳೆಯ ವೈನಿನಲ್ಲಿ ಗುಲಾಬಿ ಕಾಣುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಖುಷಿಯಿಂದ ಬರೆದೆ. ಎರಡನೆಯದರಲ್ಲೂ ಗುಲಾಬಿ. ಮೂರನೆಯದು ಬಾಯಿಗೆ ಹುಳಿಹುಳಿ, ಆದರೆ ಮೂಗಿಗೆ ಗುಲಾಬಿಯೇ. ಹಳೆಯ ಫ್ರೆಂಚ್ ಮಾಲು ಹೀಗೆಯೇ ಇರಬೇಕು ಎಂದು ಅದಕ್ಕೇ ಮೊದಲ ಸ್ಥಾನ ಕೊಟ್ಟು ಶಿಫಾರಸು ಬರೆದೆ. ನಾಲ್ಕನೆಯದೂ ಗುಲಾಬಿ.

ಮ್ಯಾನೇಜರು ನನ್ನ ಚೀಟಿ ಓದಿದರು. ನಾಲ್ಕೂ ಗ್ಲಾಸುಗಳನ್ನು ತಾವೂ ಮೂಸಿದರು. ಆಮೇಲೆ ನಿಧಾನವಾಗಿ ನನ್ನ ಬಲಗೈ ಹಿಡಿದೆತ್ತಿ, ಬೆರಳುಗಳನ್ನು ಮೂಗಿನ ಹತ್ತಿರ ತಂದುಕೊಂಡು "ಸಬ್ ಸೇ ಬಢಿಯಾ ತೋ ಯೇ ಹೈ" ಎಂದರು. ಎಲ್ಲಕ್ಕಿಂತ ಒಳ್ಳೆಯದು ಈ ಕೈಯಂತೆ! ಕ್ಲಬ್ಬಿನವರೆಲ್ಲ ಗೊಳ್ಳೆಂದು ನಕ್ಕರು. ಹತ್ತಿ ಅದ್ದಿದ್ದು ನನ್ನ ಕೈಯೇ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಹುಸೇನನ ಸರದಿ ಬಂತು. ಗ್ಲಾಸು ಮೂಸಿ ಕೆಳಗಿಟ್ಟು "ಸಾಬ್, ಆಜ್ ನಾಕ್ ಕಾಮ್ ನಹೀಂ ಕರ್ತಾ" ಎಂದ. ಇವತ್ತು ಮೂಗು ಯಾಕೆ ಕೆಲಸ ಮಾಡುವುದಿಲ್ಲ ಎಂದು ಕೇಳಿದರು. ಈಗ ಹೇಳುತ್ತಾನೆ, ಕಿವಿಯ ಹತ್ತಿ ತೆಗೆದು ಮೇಜಿನ ಮೇಲಿಡುತ್ತಾನೆ, ನನ್ನ ಟೈಪಿಸ್ಟ್ ಕೆಲಸವೂ ಹೋಯಿತು ಎಂದುಕೊಂಡೆ. ಅವನು ನನ್ನನ್ನೊಮ್ಮೆ ನೋಡಿ "ಜುಕಾಮ್ ಹೈ ಸಾಬ್" ಎಂದ. ನೆಗಡಿಯಂತೆ!

ಆಮೇಲೆ ಬರೀ ಬೆರಳಿನಿಂದಲೇ ನೋಡಿದ. ಹನಿ ಹಾಕಿ ಉಜ್ಜುವುದು, ಒಣಗುವವರೆಗೆ ಕಾಯುವುದು, ಕೈ ತೊಳೆಯುವುದು, ಮತ್ತೆ ಮುಂದಿನ ಗ್ಲಾಸು. ಮೂರನೆಯದರಲ್ಲಿ ಥಟ್ಟನೆ ಬೆರಳು ಹಿಂದಕ್ಕೆಳೆದುಕೊಂಡ. ಈರುಳ್ಳಿ ಹೆಚ್ಚುವಾಗ ಆದ ಸಣ್ಣ ಗಾಯವೊಂದು ಅಲ್ಲಿತ್ತು, ಹುಳಿ ತಾಗಿ ಉರಿದಿತ್ತು. "ಯೇ ವೈನ್ ನಹೀಂ, ಸಿರಕಾ ಬನ್ ಗಯಾ" ಎಂದ. ವೈನು ವಿನೆಗರ್ ಆಗಿತ್ತು, ಮ್ಯಾನೇಜರು ವಾರದ ಹಿಂದೆಯೇ ತೆರೆದು ಬೇಕೆಂದೇ ಹುಳಿಯಲು ಬಿಟ್ಟಿದ್ದ ಬಾಟಲಿ ಅದು. ನಾನು ಮೊದಲ ಸ್ಥಾನ ಕೊಟ್ಟದ್ದು ಅದಕ್ಕೇ.

ಕೆಲಸ ಹುಸೇನನಿಗೆ ಸಿಕ್ಕಿತು, ಕೋಣೆಯೂ. ಅಷ್ಟಾದ ಮೇಲೂ ನನಗೆ ಪಶ್ಚಾತ್ತಾಪ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಅವನಿಗೆ ಒಂದು ಅಭಿನಂದನೆಯನ್ನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವನು ಗೇಟಿನ ತನಕ ಓಡಿ ಬಂದ.

"ಅಣ್ಣಾರ, ಅತ್ತರ ಕೊಟ್ರ ಒಲ್ಲೆ ಅನಬಾರದು ಅಂತ ನಿಮಗ ನಾನ ಹೇಳಿದ್ನೆಲ್ರಿ?"

"ಹೌದು" ಎಂದೆ.

"ನಾನೂ ಎಲ್ಲಾ ತಿಳದ ಹಚ್ಕೊಂಡೇನ್ರಿ." ಜೇಬಿನಿಂದ ಸೀಸೆ ತೆಗೆದು ನನ್ನ ಕೈಯಲ್ಲಿಟ್ಟ. "ಇದು ವೈನಿಗೆ."

ನಾನು ತಲೆ ತಗ್ಗಿಸಿದೆ. ವೈನಿಗೆ ಅತ್ತರು ಹಾಕಿದವನು ಎಂದು ಚುಚ್ಚುತ್ತಿದ್ದಾನೆ ಎಂದುಕೊಂಡೆ. ಅವನಿಗೆ ನನ್ನ ಮುಖ ನೋಡಿ ತಿಳಿದಿರಬೇಕು, ನಕ್ಕುಬಿಟ್ಟ.

"ಕಪಾಟಿನ ವೈನಿಗಲ್ರಿ ಅಣ್ಣಾರ, ಊರಾಗಿನ ವೈನಿಗೆ. ಬಂದಾಗ ಕೊಡ್ರಿ."

ವನಜ ಟ್ರಂಕಿಗೆ ತುಂಬಿದ ಬಟ್ಟೆಯನ್ನು ಮತ್ತೆ ತೆಗೆದಿಟ್ಟಳು. ಅವಳು ಮುಂಬಯಿಗೆ ಬರಲು ಇನ್ನೂ ಮೂರು ವರ್ಷ ಹಿಡಿಯಿತು. ಬಂದ ದಿನ ಸೀಸೆ ಕೊಟ್ಟೆ. ಯಾರು ಕೊಟ್ಟದ್ದೆಂದು ಕೇಳಿದಳು. "ಹುಸೇನ್ ಅಂತ, ನನ್ನ ತಮ್ಮ" ಎಂದೆ. ನಿಮಗೆ ತಮ್ಮಂದಿರೇ ಇಲ್ಲವಲ್ಲ ಎಂದು ಅವಳು ಬೆರಗಾದಳು. ಅಂದು ಎಲ್ಲವನ್ನೂ ಹೇಳಿದೆ.

ಹುಸೇನ್ ಮುಂದೆ ಆ ಹೊಟೇಲಿನಿಂದ ದುಬೈಗೆ ಹೋದನೆಂದು ಕೇಳಿದೆ, ಮತ್ತೆ ಸಿಗಲಿಲ್ಲ. ಅವನ ಮೂಗಿನ ಮೇಲಿದ್ದ ಹೊಟ್ಟೆಕಿಚ್ಚು ಯಾವಾಗಲೋ ಆರಿಹೋಗಿದೆ. ಆದರೆ ಅಷ್ಟು ಜನರ ಮುಂದೆ, ಕಿವಿಯಲ್ಲಿ ನನ್ನ ಹತ್ತಿ ಇಟ್ಟುಕೊಂಡೇ "ಜುಕಾಮ್ ಹೈ ಸಾಬ್" ಎಂದನಲ್ಲ, ಅವನ ಜಾಗದಲ್ಲಿ ನಾನಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಆ ಒಂದು ಮಾತಿನ ಮೇಲೆ ಮಾತ್ರ ನನಗೆ ಇಂದಿಗೂ ಹೊಟ್ಟೆಕಿಚ್ಚು ಇದೆ.